ಬಲಕ್ಕೆ ವಾಲಿದ ಹೊಲಿಗೆ

ಬೂಟಿನ ಮೇಸ್ತ್ರಿಗೆ ಕೋಪ ಮೂಗಿನ ತುದಿಯಲ್ಲಿ, ಕೆಲಸ ಎಡಗೈಯಲ್ಲಿ. ಎರಡೂ ಅವನಿಗೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವನ ಅಪ್ಪನಿಂದ. ಮೂರು ತಲೆಮಾರಿನ ಎಡಚರು ಕೂತು ಕೂತು ಕೊನೆಗೆ ಆ ಅಂಗಡಿಯೇ ಎಡಚಾಗಿಬಿಟ್ಟಿತ್ತು. ಕೈಯ ನೆರಳು ಕೆಲಸದ ಮೇಲೆ ಬೀಳಬಾರದೆಂದು ಕಿಟಕಿಯನ್ನು ಬಲಗಡೆ ಒಡೆಸಿದ್ದರು. ಮೇಣದ ಬಟ್ಟಲು, ದಾರದ ಉಂಡೆ, ಮೊಳೆಯ ಡಬ್ಬಿ ಎಲ್ಲ ಎಡಮಗ್ಗುಲಲ್ಲಿ. ಚರ್ಮ ಕೊಯ್ಯುವ ರಂಪಿಗೆಯ ಬಾಯಿಗೆ ಒಂದೇ ಕಡೆ ಸಾಣೆ, ಅದೂ ಎಡಗೈಗೆ ಒಗ್ಗುವ ಕಡೆ. ಬೇರೆ ಮನೆಗಳಲ್ಲಿ ಮಗು ಎಡಗೈಯಲ್ಲಿ ಬಳಪ ಹಿಡಿದರೆ ಗೆಣ್ಣಿನ ಮೇಲೆ ಬಾರಿಸುತ್ತಾರಲ್ಲ, ಈ ಮನೆಯಲ್ಲಿ ಬಲಗೈಯಲ್ಲಿ ಸುತ್ತಿಗೆ ಹಿಡಿದರೆ ಬಾರಿಸುತ್ತಿದ್ದರು. "ಬಲಗೈ ಇರೋದು ಕೊಡೋಕೆ, ಎಡಗೈ ಇರೋದು ದುಡಿಯೋಕೆ" ಎನ್ನುವುದು ಅಜ್ಜನ ಕಾಲದ ಮಾತು. ಅದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮನೆಯಲ್ಲಿ ನಾಲ್ಕನೇ ಕಾಲು ಎಣಿಸುವವರು ಯಾರು?

ಮೇಸ್ತ್ರಿಯ ಮಗಳೂ ಎಡಚಿಯೇ. ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ಬೂಟಿನ ಮೇಲ್ಭಾಗದ ಚರ್ಮ ಅವಳ ಕೈಯಲ್ಲಿ ಬಟ್ಟೆಯಂತೆ ಓಡುತ್ತಿತ್ತು. ತೊಂದರೆಯೆಲ್ಲ ಕಿರಿಯ ಮಗನದು. ಮನೆಯಲ್ಲಿ ಅವನನ್ನು ಪುಟ್ಟ ಎನ್ನುತ್ತಿದ್ದರು, ಆಳುದ್ದ ಬೆಳೆದ ಮೇಲೂ. ಪುಟ್ಟ ಶಾಲೆಯಲ್ಲಿ ಬರೆಯುತ್ತಿದ್ದದ್ದು ಬಲಗೈಯಲ್ಲಿ, ಅದು ಮೇಷ್ಟ್ರ ಕಾಟಕ್ಕೆ ಎಂದು ಮನೆಯವರು ತಿಳಿದಿದ್ದರು. ಅಂಗಡಿಗೆ ಬಂದರೆ ಎಡಗೈಗೆ ರಂಪಿಗೆ ಕೊಡುತ್ತಿದ್ದರು. ಅದು ಅವನ ಕೈಯಲ್ಲಿ ಎತ್ತಲೋ ಜಾರುತ್ತಿತ್ತು, ದಾರ ಸಡಿಲವಾಗುತ್ತಿತ್ತು, ದಬ್ಬಳದ ತೂತು ಗೆರೆ ಬಿಟ್ಟು ಅಡ್ಡಾಡುತ್ತಿತ್ತು.

ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಮುಗಿದ ಬೂಟು ಮೇಸ್ತ್ರಿಗೆ ಒಪ್ಪಿಗೆಯಾದರೆ ಅವನು ಬಾಯಲ್ಲಿ ಏನೂ ಹೇಳುತ್ತಿರಲಿಲ್ಲ. ಏಣಿ ಹತ್ತಿ ಮೇಲಿನ ಹಲಗೆಯ ಮೇಲೆ ಅದನ್ನು ಮಲಗಿಸುತ್ತಿದ್ದ, ತಳದ ಅಟ್ಟೆ ಬೀದಿಗೆ ಕಾಣುವ ಹಾಗೆ. ಬೂಟಿನ ಮುಖ ಯಾರು ಬೇಕಾದರೂ ಹೊಳೆಯಿಸಬಹುದು, ಹೊಲಿಗೆಯ ಮಾನ ಇರುವುದು ಅಟ್ಟೆಯಲ್ಲಿ ಎನ್ನುವುದು ಅವನ ಲೆಕ್ಕ. ಪುಟ್ಟ ಹೊಲಿದ ಒಂದೇ ಒಂದು ಬೂಟು ಆ ಹಲಗೆ ಕಂಡಿರಲಿಲ್ಲ.

ಯುದ್ಧ ಶುರುವಾದ ವರ್ಷ, ಒಬ್ಬ ವಕೀಲರ ಬೂಟಿಗೆಂದು ತಂದ ಒಳ್ಳೆಯ ಚರ್ಮವನ್ನು ಪುಟ್ಟ ಅಡ್ಡಡ್ಡ ಕೊಯ್ದುಬಿಟ್ಟ. ಮೇಸ್ತ್ರಿ ಎದ್ದು ನಿಂತ.

"ನಿಂಗೆ ಬೂಟು ಇರೋದು ಕಾಲು ತೂರಿಸೋಕೆ ಮಾತ್ರ ಕಣೋ, ಹೊಲಿಯೋಕಲ್ಲ. ಹೋಗು, ಸೈನ್ಯಕ್ಕೆ ಸೇರ್ಕೋ. ಅಲ್ಲಿ ಹೊಲಿದಿರೋ ಬೂಟನ್ನೇ ಕೊಡ್ತಾರಂತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟ್ಟ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಹೊರಟವನು ಮಧ್ಯಾಹ್ನ ಊಟಕ್ಕೆ ಬಂದಾಗ ಸೈನ್ಯಕ್ಕೆ ಹೆಸರು ಕೊಟ್ಟು ಬಂದಿದ್ದ. ಮೇಸ್ತ್ರಿಯ ಹೆಂಡತಿ ಗಂಡನ ಕಡೆ ನೋಡಿದ ನೋಟಕ್ಕೆ ಮೇಣ ಕರಗಬೇಕಿತ್ತು. ಒಂದು ತಿಂಗಳೊಳಗೆ ಮಗ ಹಡಗು ಹತ್ತಿದ. ಮೇಸ್ತ್ರಿ ಬಂದರಿಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತು, ಮೊಳೆ ಬೇಕಿಲ್ಲದ ಅಟ್ಟೆಗೂ ಮೊಳೆ ಹೊಡೆದ.

ಕಾಗದಗಳು ಅಮ್ಮನ ಹೆಸರಿಗೆ ಬರುತ್ತಿದ್ದವು. ಅವಳಿಗೆ ಓದಲು ಬರದು, ಕಣ್ಣು ಸರಿಯಿಲ್ಲ ಎಂದು ಹೇಳಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಬೆಳಕು ಚೆನ್ನಾಗಿದೆ ಎನ್ನುವ ನೆಪದಲ್ಲಿ ಮಗಳು ಅಲ್ಲೇ ಗಟ್ಟಿಯಾಗಿ ಓದುತ್ತಿದ್ದಳು.

"ಅಮ್ಮಾ, ಹಡಗಿನಲ್ಲಿ ವಾಂತಿ ಮಾಡದೇ ಉಳಿದವರು ಇಬ್ಬರೇ, ಒಬ್ಬ ನಮ್ಮ ಕ್ಯಾಪ್ಟನ್, ಇನ್ನೊಂದು ಅಡುಗೆಮನೆಯ ಬೆಕ್ಕು. ಈಗ ನಾವು ಬಂದಿರೋ ಊರಿನ ಹೆಸರು..." ಮಗಳು ನಿಲ್ಲಿಸಿದಳು. "ಇಲ್ಲಿ ಮಸಿ ಬಳಿದಿದಾರೆ. 'ಇಲ್ಲಿಂದ ಒಂದು ಕಡೆಗೆ' ಅಂತಿದೆ, ಆಮೇಲೆ ಮಸಿ, 'ಇನ್ನೊಂದು ಕಡೆಗೆ' ಅಂತಿದೆ, ಮತ್ತೆ ಮಸಿ."

"ಇದೇನೇ ಇದು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಬರೆದಿದಾನೆ" ಎಂದಳು ಅಮ್ಮ.

"ಅವನಲ್ಲಮ್ಮ. ಸೈನ್ಯದವರು ಎಲ್ಲರ ಕಾಗದಾನೂ ಓದ್ತಾರೆ. ಜಾಗ ಗೊತ್ತಾಗೋ ಮಾತಿದ್ರೆ ಕಪ್ಪು ಹಚ್ತಾರೆ."

ಮೇಸ್ತ್ರಿ ತಲೆ ಎತ್ತುತ್ತಿರಲಿಲ್ಲ. ಆದರೆ ಕಾಗದ ಶುರುವಾದಾಗ ಜೋರಾಗಿದ್ದ ಸುತ್ತಿಗೆಯ ಸದ್ದು ಎರಡನೇ ಸಾಲಿಗೆ ಮೆಲ್ಲಗಾಗಿ, ಮೂರನೇ ಸಾಲಿಗೆ ನಿಂತೇಹೋಗುತ್ತಿತ್ತು. ಪ್ರತಿ ಕಾಗದದ ಕೊನೆಯಲ್ಲೂ ಒಂದೇ ಮಾತು: "ಅಂಗಡಿಯಲ್ಲಿ ಎಲ್ಲರನ್ನೂ ಕೇಳಿದೆ ಅಂತ ಹೇಳು." ಅಂಗಡಿಯಲ್ಲಿ ಎಲ್ಲರೂ ಅಂದರೆ ಒಬ್ಬನೇ. ಆ ಒಬ್ಬನಿಗೆ ಅದು ಗೊತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ತನ್ನ ಹೆಸರಿಗೇ ಬಂದ ಕಾಗದವನ್ನು ಮಗಳು ಮೊದಲು ಮನಸ್ಸಿನಲ್ಲೇ ಓದಿ, ಆಮೇಲೆ ಗಟ್ಟಿಯಾಗಿ ಓದಿದಳು.

"ಅಕ್ಕ, ಇಲ್ಲಿ ಎಲ್ಲರ ಬೂಟೂ ಬಾಯಿ ಬಿಟ್ಟಿದೆ. ಉಪ್ಪುನೀರಿಗೆ ದಾರ ಕೊಳೆತು ಹೋಗ್ತಿದೆ. ಹೊಸ ಬೂಟು ತರ್ತಿದ್ದ ಹಡಗು ಬರಲೇ ಇಲ್ಲ. ನಮ್ಮ ತುಕಡಿಯ ಮೋಚಿಗೆ ಜ್ವರ ಬಂದು ಆಸ್ಪತ್ರೆಗೆ ಸಾಗಿಸಿದರು. ಸಾರ್ಜೆಂಟ್ ಯಾರಿಗೆ ಹೊಲಿಯೋಕೆ ಬರುತ್ತೆ ಅಂತ ಕೇಳಿದಾಗ ಈ ಕತ್ತೆಗಳೆಲ್ಲ ಸೇರಿ ನನ್ನನ್ನ ಮುಂದೆ ತಳ್ಳಿದರು, ಇವರಪ್ಪ ದೊಡ್ಡ ಮೇಸ್ತ್ರಿ ಅಂತ. ಚಳಿ ಬೀಳೋ ಮುಂಚೆ ನಾವು ಬೆಟ್ಟ ದಾಟಿ..." ಇಲ್ಲಿ ಮಸಿ. "...ತನಕ ನಡೀಬೇಕಂತೆ. ಬೂಟು ಬಾಯಿ ಬಿಟ್ಟರೆ ಮನುಷ್ಯ ದಾರೀಲಿ ಕೂತುಬಿಡ್ತಾನೆ. ಇಲ್ಲಿ ಕೂತವನು ಮತ್ತೆ ಏಳಲ್ಲ. ನನ್ನ ಕೈ ಎಂಥದ್ದು ಅಂತ ನಿಂಗೆ ಗೊತ್ತಲ್ಲ. ಅಂಗಡಿಯಲ್ಲಿ ಯಾರನ್ನಾದ್ರೂ ಕೇಳಿ ಬರಿ."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಮಗನ ಜೀವ, ಮಗನ ಜೊತೆಯವರ ಜೀವ, ಎಲ್ಲ ಈಗ ಆ ಹಾಳು ಕೈಯ ಹೊಲಿಗೆಯಲ್ಲಿ ನೇತಾಡುತ್ತಿದೆ. ತಾನು ಯಾವ ಕೈಯನ್ನು ಇಷ್ಟು ವರ್ಷ ಬೈದನೋ ಅದೇ ಕೈ.

"ಕಾಗದ ತಗೋ" ಎಂದ ಮಗಳಿಗೆ. "ನಾನು ಹೇಳಿದ ಹಾಗೆ ಬರಿ. ಒಂದಕ್ಷರ ನಿಂದು ಸೇರಿಸಬೇಡ."

ಅವನು ಹೇಳಿದ, ಅವಳು ಬರೆದಳು. ದಾರಕ್ಕೆ ಎಷ್ಟು ಸಲ ಮೇಣ ತೀಡಬೇಕು, ಅಟ್ಟೆಯನ್ನು ಎಷ್ಟು ನೆನೆಸಬೇಕು, ಎಡಗೈಯಲ್ಲಿ ರಂಪಿಗೆ ಹೇಗೆ ಹಿಡಿಯಬೇಕು, ಎಡಗೈಯಿಂದ ದಬ್ಬಳ ಯಾವ ಓರೆಯಲ್ಲಿ ಚುಚ್ಚಬೇಕು. ಕೊನೆಗೆ ಆ ಮನೆಯ ಗುಟ್ಟಿನ ಹೊಲಿಗೆ: ನಾಲ್ಕು ಹೊಲಿಗೆ ಮುಂದೆ ಹೋಗಿ ಒಂದು ಹಿಂದೆ ಬಂದು ಗಂಟು, ಮತ್ತೆ ನಾಲ್ಕು, ಮತ್ತೆ ಗಂಟು. ಒಂದು ಕಡೆ ದಾರ ಕಡಿದರೂ ಆ ನಾಲ್ಕೇ ಬಿಚ್ಚುತ್ತವೆ, ಮಿಕ್ಕದ್ದು ಕಲ್ಲಿನಂತೆ ಇರುತ್ತದೆ. ಮೇಸ್ತ್ರಿ ತನ್ನ ರಂಪಿಗೆಗಳಲ್ಲೇ ಒಳ್ಳೆಯದನ್ನು ಆರಿಸಿ, ದಾರದ ಉಂಡೆಯ ಜೊತೆ ಪೊಟ್ಟಣ ಕಟ್ಟಿ ತಾನೇ ಅಂಚೆ ಕಚೇರಿಗೆ ಹೋದ. ಅಂಚೆಯವನು ತೂಕ ಹಾಕುವಾಗ "ಮೆಲ್ಲಗೆ" ಎಂದು ಗದರಿದ.

ಉತ್ತರ ಬರಲು ತಿಂಗಳ ಮೇಲಾಯಿತು. ಬಂದಾಗ, ಅವಸರಕ್ಕೆ ಅಕ್ಷರ ಕೋಳಿ ಕೆದರಿದಂತಿತ್ತು.

"ಅಪ್ಪನಿಗೆ" ಎಂದು ಶುರುವಾಗಿತ್ತು ಕಾಗದ. ಮಗಳು ಓದುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು.

"ಓದು, ಓದು" ಎಂದ ಮೇಸ್ತ್ರಿ.

"ಅಪ್ಪನಿಗೆ. ನೀವು ಬರೆಸಿದ ಹಾಗೇ ಮಾಡಿದೆ. ಮೂರು ಜೊತೆ ಬೂಟು ಒಂದೇ ದಿನಕ್ಕೆ ಬಿಚ್ಚಿಕೊಂಡವು. ನಿಮ್ಮ ರಂಪಿಗೆ ಜಾರಿ ನನ್ನ ಎಡಗೈ ಹೆಬ್ಬೆರಳು ಸೀಳಿತು. ಡಾಕ್ಟರು ಎಡಗೈಗೆ ಪೂರ್ತಿ ಪಟ್ಟಿ ಸುತ್ತಿಬಿಟ್ಟರು. ಸಾರ್ಜೆಂಟ್ ಬಂದು, ಇನ್ನೊಂದು ಕೈ ಇದೆಯಲ್ಲ, ಹೊಲಿ ಅಂತ ಕೂಗಾಡಿದರು. ಅಳು ಬರೋ ಹಾಗಿತ್ತು. ಹಳೇ ಮೋಚಿಯ ಪೆಟ್ಟಿಗೇಲಿ ಅವನ ರಂಪಿಗೆ ಇತ್ತು. ಅದರ ಸಾಣೆ ನಮ್ಮನೇದಕ್ಕೆ ಉಲ್ಟಾ. ಬಲಗೈಲಿ ಹಿಡಿದು ಚರ್ಮದ ಮೇಲೆ ಇಟ್ಟೆ. ಅಪ್ಪ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯ್ತು. ನಾನು ಹೆದರಿ ಕೆಳಗಿಟ್ಟುಬಿಟ್ಟೆ. ಮತ್ತೆ ಎತ್ತಿಕೊಂಡೆ, ಮತ್ತೆ ಹಾಗೇ ಹೋಯ್ತು. ಅಪ್ಪ, ನಾನು ಎಡಚ ಅಲ್ಲ. ಆದರೆ ಮನೆಹೊಲಿಗೆ ಬಲಗೈಗೆ ತಿರುಗಿಸಿ ಹಾಕೋದು ಹೇಗೆ ಅಂತ ಹೊಳೀತಿಲ್ಲ. ಗಂಟು ಹಾಕೋಕೆ ಹೋದ್ರೆ ದಾರ ತೊಡರುತ್ತೆ. ಬೇಗ ಬರೆಸಿ. ದಿನ ಹೆಚ್ಚಿಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಮುಂದೆ ಬಂದಳು.

"ತೊಟ್ಟಿಲಲ್ಲಿದ್ದಾಗ ಗಿಲಕಿ ಬಲಗೈಲಿ ಹಿಡೀತಿದ್ದ. ನೀವು ಕಿತ್ತು ಎಡಗೈಗೆ ಕೊಡ್ತಿದ್ರಿ. ಆಗಲೇ ಅಂದೆ, ಮಗೂನ ಅದರ ಪಾಡಿಗೆ ಬಿಡಿ ಅಂತ."

"ಅಂದಿದ್ದೆ" ಎಂದ ಮೇಸ್ತ್ರಿ.

ಮದುವೆಯಾದ ಮೇಲೆ ಅವನು ಅವಳ ಒಂದು ಮಾತನ್ನು ಹೀಗೆ ಒಪ್ಪಿದ್ದು ಅದೇ ಮೊದಲು. ಅವಳಿಗೆ ಗೆದ್ದ ಖುಷಿಯೂ ಆಗಲಿಲ್ಲ, ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡದೆ ಜೋಡಿಸಿದಳು. ಮೇಸ್ತ್ರಿ ತನ್ನ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಈ ಮಾತನ್ನು ಮಗನಿಗೆ ಎಷ್ಟು ಸಲ ಹೇಳಿ ಚುಚ್ಚಿದ್ದ. ನೆಲ ನಿಜವಾಗಿಯೂ ಡೊಂಕಾಗಿತ್ತು. ಡೊಂಕು ಮಾಡಿದವನು ತಾನೇ. ಹುಡುಗ ಎಷ್ಟು ಅವಮಾನ ನುಂಗಿದ್ದಾನೋ. ಆದರೆ ಸಂಕಟಪಡುತ್ತ ಕೂತರೆ ಅಲ್ಲಿ ಬೂಟು ಹೊಲಿಯುವವರು ಯಾರು?

ಹೇಳೋಣವೆಂದರೆ ಅವನಿಗೂ ಹೊಳೆಯಲಿಲ್ಲ. ಬಲಗೈಯಲ್ಲಿ ದಬ್ಬಳ ಹಿಡಿದು ಚುಚ್ಚಿ ನೋಡಿದ, ತನ್ನ ತೊಡೆಗೇ ಚುಚ್ಚಿಕೊಂಡ. ಎಡ ಅಂದಲ್ಲೆಲ್ಲ ಬಲ, ಬಲ ಅಂದಲ್ಲೆಲ್ಲ ಎಡ ಎಂದು ಬರೆಸಲು ಹೋಗಿ, ಗಂಟಿನ ಹತ್ತಿರ ಬಂದಾಗ ಅಪ್ಪ ಮಗಳು ಇಬ್ಬರಿಗೂ ತಲೆ ಕೆಟ್ಟು ಜಗಳವೇ ಆಯಿತು. ಅಷ್ಟರಲ್ಲಿ ಒಬ್ಬ ಗಿರಾಕಿ ಹೊಸ ಬೂಟು ಹಾಕಿಕೊಂಡು, ನೆಲದ ಮೇಲಿಟ್ಟಿದ್ದ ಕನ್ನಡಿಯ ಮುಂದೆ ಕಾಲು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಮೇಸ್ತ್ರಿ ಆ ಕನ್ನಡಿಯನ್ನೇ ನೋಡಿದ. ಗಿರಾಕಿಯ ಬಲಗಾಲು ಅದರಲ್ಲಿ ಎಡಗಾಲಾಗಿತ್ತು.

"ಒಂಚೂರು ಸರೀರಿ" ಎಂದು ಗಿರಾಕಿಯನ್ನು ಬದಿಗೆ ಸರಿಸಿ, ಕನ್ನಡಿಯನ್ನು ಎತ್ತಿ ತಂದು ಕೆಲಸದ ಮಣೆಯ ಎದುರು ಗೋಡೆಗೆ ಒರಗಿಸಿದ. "ಮಗಳೇ, ನನ್ನ ನೋಡಬೇಡ. ಕನ್ನಡೀಲಿ ಒಬ್ಬ ಬಲಗೈ ಮೇಸ್ತ್ರಿ ಕೂತಿದಾನಲ್ಲ, ಅವನನ್ನ ನೋಡಿ ಬರಿ."

ಅವನು ಎಡಗೈಯಲ್ಲಿ ಹೊಲಿದ. ಕನ್ನಡಿಯೊಳಗಿನವನು ಬಲಗೈಯಲ್ಲಿ ಹೊಲಿದ. ಮಗಳು ಕನ್ನಡಿಯವನ ಒಂದೊಂದು ಬೆರಳನ್ನೂ ನೋಡಿ ಬರೆದಳು, ಪಕ್ಕದಲ್ಲಿ ಚಿತ್ರವನ್ನೂ ಗೀಚಿದಳು. ಅವಳು ಎಡಗೈಯಲ್ಲಿ ಬರೆಯುವಾಗ ಅಂಗೈ ತಾಗಿ ಹಸಿ ಮಸಿ ಒರೆಸಿಹೋಗುತ್ತಿತ್ತು. "ನೀನೇ ಮಸಿ ಬಳಿದ್ರೆ ಸೈನ್ಯದವರಿಗೆ ಏನು ಕೆಲಸ?" ಎಂದು ಮೇಸ್ತ್ರಿ ಕೈ ಕೆಳಗೆ ಇಡಲು ಅವಳಿಗೆ ಒಂದು ಚರ್ಮದ ತುಂಡು ಕೊಟ್ಟ. ಬೀದಿಯ ಜನ ಬಾಗಿಲಲ್ಲಿ ನಿಂತು, ಮೇಸ್ತ್ರಿ ಈ ವಯಸ್ಸಿನಲ್ಲಿ ಕನ್ನಡಿ ನೋಡಿಕೊಂಡು ಕೂತಿದ್ದಾನೆ ಎಂದು ನಕ್ಕರು. ನಗಲಿ ಬಿಡಿ. ಕೊನೆಯ ಸಾಲನ್ನು ಮೇಸ್ತ್ರಿ ತಾನೇ ಹೇಳಿ ಬರೆಸಿದ: "ರಂಪಿಗೆ ಜಾರಿದ ತಪ್ಪು ನಿಂದಲ್ಲ, ನಂದು."

ಅದಕ್ಕೆ ಬಂದ ಉತ್ತರ ಗೇಣುದ್ದ ಚೀಟಿ. "ಅಪ್ಪ, ಗಂಟು ಕೂತಿತು. ಸಾರ್ಜೆಂಟ್ ಬೂಟಿಗೇ ಮೊದಲು ಹಾಕಿದೆ, ಕಲ್ಲಿನ ಮೇಲೆ ಕುಣಿದು ನೋಡಿದರು, ಬಿಚ್ಚಲಿಲ್ಲ. ಹಗಲೆಲ್ಲ ಹೊಲೀತಿದೀನಿ. ನಾಳೆ ಹೊರಡ್ತೀವಿ."

ಆಮೇಲೆ ಕಾಗದ ಇಲ್ಲ.

ಚಳಿ ಬಂತು. ಅಂಚೆಯವನು ಬೀದಿಯ ತುದಿಯಲ್ಲೇ ತಲೆಯಾಡಿಸಿಬಿಡುತ್ತಿದ್ದ, ಹತ್ತಿರ ಬಂದು ಹೇಳುವುದು ಅವನಿಗೂ ಕಷ್ಟ. ಬೆಟ್ಟದ ಕಡೆ ಹೋದ ದಂಡು ಪೂರ್ತಿ ಸಿಕ್ಕಿಬಿದ್ದಿದೆ ಎಂದು ಒಬ್ಬರು, ಇಲ್ಲ ಹಿಮದಲ್ಲಿ ಹೂತುಹೋಗಿದೆ ಎಂದು ಇನ್ನೊಬ್ಬರು. ಬಾಯಿಗೆ ಬೀಗ ಹಾಕುವವರು ಯಾರು? ಹೆಂಡತಿ ಊಟ ಬಿಟ್ಟಳು. ಮೇಸ್ತ್ರಿ ಊಟ ಬಿಡಲಿಲ್ಲ, ಆದರೆ ಏನು ತಿಂದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಹಗಲು ಗಿರಾಕಿಗಳ ಕೆಲಸ ಮುಗಿಸಿ, ಸಂಜೆ ಮರ ತಂದು ಏನೋ ಕೊಯ್ಯುತ್ತಿದ್ದ. ಗೋಡೆಯ ಎಡಭಾಗವನ್ನು ಒಡೆಸಿ ಎರಡನೇ ಕಿಟಕಿ ಇಡಿಸಿದ. ಅದರ ಹತ್ತಿರ ಹೊಸ ಕೆಲಸದ ಮಣೆ ಬಂತು, ಬಲಮಗ್ಗುಲಲ್ಲಿ ಮೇಣದ ಬಟ್ಟಲು, ಬಲಮಗ್ಗುಲಲ್ಲಿ ದಾರ. ಹೊಸ ರಂಪಿಗೆಯೊಂದನ್ನು ತಂದು ಉಲ್ಟಾ ಸಾಣೆ ಹಿಡಿದ.

"ಯಾರಿಗ್ರೀ ಇದೆಲ್ಲ?" ಎಂದಳು ಹೆಂಡತಿ. ಗೊತ್ತಿದ್ದೇ ಕೇಳಿದಳು.

"ಊರಿಗೆ ಬಂದವಳು ನೀರಿಗೆ ಬಾರದೇ ಇರ್ತಾಳಾ?" ಎಂದ ಅವನು. "ಅಂಗಡಿಗೆ ಬರ್ತಾನೆ. ಬಂದಾಗ ಕೂರೋಕೆ ಜಾಗ ಇಲ್ಲ ಅನ್ನಬಾರದು." ಮಾತು ಗಟ್ಟಿಯಾಗಿತ್ತು. ಆದರೆ ಆಗಲೇ ಹರಿತವಾಗಿದ್ದ ರಂಪಿಗೆಯನ್ನು ಮತ್ತೆ ಸಾಣೆಕಲ್ಲಿಗೆ ಹಿಡಿದ.

ಚಳಿ ಇಳಿಯುತ್ತಿದ್ದ ಒಂದು ಬೆಳಿಗ್ಗೆ ಆನೆಯಂಥ ಆಳೊಬ್ಬ ಅಂಗಡಿಗೆ ಬಂದ. ಸೈನ್ಯದ ಉಡುಪು, ಒಂದು ತೋಳು ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ. ನಮಸ್ಕಾರವಿಲ್ಲ, ಮಾತಿಲ್ಲ. ನೆಟ್ಟಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತು, ಮಣೆಯ ಮೇಲೆ ಧೊಪ್ಪನೆ ಕಾಲಿಟ್ಟ.

"ಏನಾಗಬೇಕಿತ್ತು?" ಎಂದ ಮೇಸ್ತ್ರಿ.

ಆಸಾಮಿ ಬಾಯಿ ಬಿಡಲಿಲ್ಲ. ಅಟ್ಟೆ ಮೇಸ್ತ್ರಿಯ ಮುಖಕ್ಕೆ ಕಾಣುವ ಹಾಗೆ ಹಿಮ್ಮಡಿ ಊರಿ ಮುಂಗಾಲು ಎತ್ತಿದ, ಅಷ್ಟೆ.

ಮೇಸ್ತ್ರಿ ಬೈಯಬೇಕೆಂದು ಬಾಯಿ ತೆರೆದವನು ಹಾಗೇ ನಿಂತ. ಮಣ್ಣು, ಸವೆತ, ಕಲ್ಲಿನ ಗಾಯ. ಅದರ ನಡುವೆ ನಾಲ್ಕು ಹೊಲಿಗೆ, ಒಂದು ಗಂಟು. ನಾಲ್ಕು ಹೊಲಿಗೆ, ಒಂದು ಗಂಟು. ಬೆರಳಿನಿಂದ ಮಣ್ಣು ಕೆರೆದು ನೋಡಿದ. ಒಂದು ಕಡೆ ದಾರ ಕಡಿದಿತ್ತು, ನಾಲ್ಕೇ ಬಿಚ್ಚಿದ್ದವು. ಮೂರು ತಲೆಮಾರಿನಿಂದ ಆ ಮನೆಯ ಹೊಲಿಗೆ ಎಡಕ್ಕೆ ವಾಲುತ್ತಿತ್ತು. ಇದು ಬಲಕ್ಕೆ ವಾಲಿತ್ತು. ಲೋಕದಲ್ಲಿ ಇನ್ಯಾರೂ ಹಾಕಲಾರದ ಹೊಲಿಗೆ.

"ಜೀವ ಇದೆಯಾ?" ಎಂದ. ದನಿ ಅವನದಾಗಿರಲಿಲ್ಲ.

ಆನೆಯಂಥವನ ಮುಖ ಅರಳಿತು. "ಗುಂಡುಕಲ್ಲಿನ ಹಾಗಿದಾನೆ. ನಾನು ಅವನ ಸಾರ್ಜೆಂಟು. ಗಾಯ ಆಗಿದ್ದಕ್ಕೆ ನನ್ನನ್ನ ಮೊದಲ ಹಡಗಲ್ಲೇ ಕಳಿಸಿದ್ರು, ಅವರೆಲ್ಲ ಹಿಂದೆ ಬರ್ತಿದಾರೆ. ನಿಮ್ಮ ಮಗ ಆಣೆ ಮಾಡಿಸಿದಾನೆ. ಕಾಗದ ಬರೆದ್ರೆ ಮಸಿ ಬಳೀತಾರೆ, ಅಟ್ಟೆಗೆ ಯಾರೂ ಬಳಿಯಲ್ಲ, ಮಾತಾಡದೆ ನಮ್ಮಪ್ಪನ ಮುಂದೆ ಕಾಲಿಡಿ, ಅವರೇ ಓದ್ಕೋತಾರೆ ಅಂದ."

ಒಳಗಿಂದ ಹೆಂಡತಿ ಓಡಿ ಬಂದಳು. ಸಾರ್ಜೆಂಟ್ ಎಲ್ಲ ಹೇಳಿದ. ಕಲ್ಲುಬೆಟ್ಟ, ಹಿಮ, ಹಿಂದೆ ಶತ್ರು. ಬೇರೆ ದಂಡಿನವರು ಬೂಟು ಹರಿದು ದಾರಿಯಲ್ಲಿ ಕೂತಿದ್ದರೆ ಇವರೇ ಎಬ್ಬಿಸಿ ಕರೆದುಕೊಂಡು ಹೋದರು, ಪುಟ್ಟ ಅವರ ಬೂಟಿಗೂ ದಾರ ಹಾಕಿದ. "ನಮ್ಮ ತುಕಡೀಲಿ ಬೂಟು ಹರಿದು ಕೂತವರು ಒಬ್ಬರೂ ಇಲ್ಲ. ನಾವು ಇಷ್ಟು ಬೇಗ ಬೆಟ್ಟ ಇಳೀತೀವಿ ಅಂತ ಶತ್ರು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಬಂದರು ಹಿಡಿದ್ವಿ. ಆ ಕಡೆ ಯುದ್ಧ ಮುಗೀತು." ಆಮೇಲೆ ನಕ್ಕು ಹೇಳಿದ, "ನಾವೆಲ್ಲ ಅವನನ್ನ ಎಡಚ ಅಂತಾನೇ ಕರೆಯೋದು. ಬಲಗೈಲಿ ಹೊಲೀತಾ, ನಮ್ಮಪ್ಪ ಎಡಚ, ನಮ್ಮಪ್ಪ ಎಡಚ ಅಂತ ದಿನವಿಡೀ ಕೊಚ್ಚಿಕೊಳ್ತಿದ್ದ."

ಹೆಂಡತಿ ಅಳುತ್ತ ನಗುತ್ತಿದ್ದಳು. ಮೇಸ್ತ್ರಿ ಸಾರ್ಜೆಂಟಿನ ಬೂಟನ್ನು ಬಿಚ್ಚಿಸಿ, ಕಡಿದ ನಾಲ್ಕು ಹೊಲಿಗೆಯನ್ನು ಕೂಡಿಸಲು ಕೂತ. ಕಣ್ಣು ಮಂಜಾಗಿ ಸೂಜಿ ಪೋಣಿಸಲು ಆಗಲಿಲ್ಲ, ಮಗಳು ಪೋಣಿಸಿ ಕೊಟ್ಟಳು.

ಹಡಗು ಬಂದ ದಿನ ಮೇಸ್ತ್ರಿ ಬಂದರಿಗೆ ಎಲ್ಲರಿಗಿಂತ ಮೊದಲು ಹೋಗಿ ನಿಂತ. ತುಕಡಿ ಸಾಲಾಗಿ ಇಳಿದು ಪೇಟೆ ಬೀದಿಯಲ್ಲಿ ನಡೆಯಿತು. ಜನ ಮುಖಗಳನ್ನು ನೋಡಿ ಕೂಗುತ್ತಿದ್ದರು. ಮೇಸ್ತ್ರಿ ಜೊತೆಜೊತೆಗೇ ಓಡುತ್ತ, ಬಗ್ಗಿ, ಎತ್ತಿದ ಒಂದೊಂದು ಹಿಮ್ಮಡಿಯ ಕೆಳಗೂ ಇಣುಕುತ್ತಿದ್ದ. ಅಟ್ಟೆಯ ಹೊಲಿಗೆಗಳೆಲ್ಲ ಬಲಕ್ಕೆ ವಾಲಿದ್ದವು. ತನ್ನ ಮನೆಯ ಹೊಲಿಗೆ ದೊಡ್ಡ ಬೀದಿಯಲ್ಲಿ ಧಪ್ ಧಪ್ ಎಂದು ನಡೆದುಹೋಗುತ್ತಿತ್ತು. ಅಷ್ಟು ಹೆಮ್ಮೆ ಅವನಿಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಕೊನೆಯ ಸಾಲಿನಲ್ಲಿ ಪುಟ್ಟ ಇದ್ದ. ಸೊರಗಿದ್ದ, ಕಪ್ಪಗಾಗಿದ್ದ, ಹೆಬ್ಬೆರಳ ಮೇಲೆ ಗಾಯದ ಗೆರೆ. ಅಮ್ಮ ಅವನನ್ನು ಬಿಟ್ಟಮೇಲೆ ಅಪ್ಪನ ಎದುರು ಬಂದು ನಿಂತ.

"ಬಾ, ಅಂಗಡಿಗೆ" ಎಂದ ಮೇಸ್ತ್ರಿ.

ಅಂಗಡಿಯೊಳಗೆ ಕಾಲಿಟ್ಟ ಪುಟ್ಟ ಎರಡನೇ ಕಿಟಕಿಯನ್ನು ನೋಡಿದ, ಹೊಸ ಮಣೆಯನ್ನು ನೋಡಿದ, ಉಲ್ಟಾ ಸಾಣೆ ಹಿಡಿದ ರಂಪಿಗೆಯನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಬಾಯಿ ಸವರಿದ. ಆ ಮಣೆಯ ಮುಂದೆ ಕೂತುಬಿಟ್ಟ.

"ಬೂಟು ಬಿಚ್ಚು" ಎಂದ ಮೇಸ್ತ್ರಿ.

ಮಗನ ಬೂಟಿನ ಅಟ್ಟೆಗೆ ದಾರವೇ ಇರಲಿಲ್ಲ. ಸಣ್ಣ ತಂತಿಯಿಂದ ಹೊಲಿದಿತ್ತು.

"ಇದೇನಿದು?"

"ಎಲ್ಲರದ್ದೂ ಹೊಲಿದು ನಂದಕ್ಕೆ ಬರೋ ಹೊತ್ತಿಗೆ ದಾರ ಮುಗಿದುಹೋಗಿತ್ತಪ್ಪ. ಟೆಲಿಫೋನಿನ ತಂತಿ ಹಾಕ್ಕೊಂಡೆ."

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದ. ನಾಲ್ಕು ಹೊಲಿಗೆ, ಒಂದು ಗಂಟು, ತಂತಿಯಲ್ಲೂ ಹಾಗೇ. ಬೆಟ್ಟದ ಉದ್ದಕ್ಕೂ ನಡೆದು ಬಂದ ಬೂಟು.

"ಇಲ್ಲೊಂದು ಗಂಟು ಸಡಿಲ" ಎಂದ.

"ಆಗ ಗುಂಡು ಹಾರ್ತಿತ್ತು."

"ಗುಂಡು ಹಾರ್ತಿದ್ರೆ ಗಂಟು ಬಿಗಿಯಬಾರದಾ?"

ಮಗ ನಕ್ಕ. ಮೇಸ್ತ್ರಿ ನಗಲಿಲ್ಲ. ಏಣಿ ತಂದು ಗೋಡೆಗೆ ಒರಗಿಸಿದ. ಅವನು ಮೇಲೆ ಹತ್ತಿ ಮಣ್ಣು ಮೆತ್ತಿದ ಆ ಎರಡೂ ಬೂಟುಗಳನ್ನು ಮೇಲಿನ ಹಲಗೆಯ ಮೇಲೆ, ಸರಿಯಾಗಿ ನಡುವೆ, ಅಟ್ಟೆ ಬೀದಿಗೆ ಕಾಣುವ ಹಾಗೆ ಮಲಗಿಸುವುದನ್ನು ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಪುಟ್ಟ ಬರಿಗಾಲಲ್ಲಿ ನಿಂತಿದ್ದ.

ಮೇಸ್ತ್ರಿ ಇಳಿದು ಬಂದು, ಅಳತೆಯ ಪಟ್ಟಿ ಎತ್ತಿಕೊಂಡು, ಮಗನ ಮುಂದೆ ನೆಲದ ಮೇಲೆ ಕೂತ.

"ಕಾಲು ಕೊಡು. ಊರೋರಿಗೆಲ್ಲ ಹೊಲಿದವನು ಬರಿಗಾಲಲ್ಲಿ ತಿರುಗಬಾರದು." ಎಡಪಾದದ ಸುತ್ತ ಪಟ್ಟಿ ಸುತ್ತಿ ನೋಡಿಕೊಂಡು, ಅದೇ ಪಟ್ಟಿಯನ್ನು ಮಗನ ಬಲಗೈಗೆ ಕೊಟ್ಟ. "ಎಡಗಾಲಿಂದು ನಾನು ಹೊಲೀತೀನಿ. ಬಲಗಾಲಿಂದು ನೀನು ಹೊಲಿ."